ಥಿನ್ನರಿನಲ್ಲಿ ಕರಗಿದ ಕಾರು

“ಇದು ಅಪ್ಪ ಮಾಡಿದ್ದಲ್ಲ ಆಂಟಿ,” ಎಂದಳು ನಿಖಿತಾ. “ತಲೆ ಕೆಟ್ಟಿದ್ರೂ ಅಪ್ಪ ಹೀಗೆ ಮಾಡುವ ಜನ ಅಲ್ಲ.”

ಕುಶಲಾ ಸ್ಟೀಲ್ ಬೋಗುಣಿಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದಳು. ತಳದಲ್ಲಿ ಅಂಗೈಯಗಲದ ಮುದ್ದೆಯೊಂದು ಅಂಟಿಕೊಂಡಿತ್ತು. ಒಂದು ಕಾಲದಲ್ಲಿ ಅದು ಕಾರು. ಒಂದು ಚಕ್ರದ ಅಂಚು, ಬಾನೆಟ್ಟಿನ ಮೂಲೆ, ಚಕ್ರಗಳನ್ನು ಜೋಡಿಸುವ ಎರಡು ಕಬ್ಬಿಣದ ಕಡ್ಡಿ, ಇಷ್ಟು ಬಿಟ್ಟರೆ ಉಳಿದ ಪ್ಲಾಸ್ಟಿಕ್ಕೆಲ್ಲ ಕರಗಿ ಮತ್ತೆ ಗಟ್ಟಿಯಾಗಿ ಮಾಸಿದ ಹಸಿರು ಗಡ್ಡೆಯಾಗಿತ್ತು. ಬೋಗುಣಿಯಲ್ಲಿದ್ದ ಥಿನ್ನರ್ ಯಾವಾಗಲೋ ಆರಿಹೋಗಿದ್ದರೂ ವಾಸನೆ ಇನ್ನೂ ಕೋಣೆ ಬಿಟ್ಟಿರಲಿಲ್ಲ.

ಅಲೆವೂರಿನ ಈ ಕೋಣೆಯಲ್ಲೇ ನಿಖಿತಾಳ ಅಪ್ಪ ಕರುಣಾಕರ ಸತ್ತು ಬಿದ್ದಿದ್ದ. ದುಬೈಯ ಕೆಲಸ ಬಿಟ್ಟು ಬಂದವನು ಜನರ ಹಳೆಯ ಪ್ಲಾಸ್ಟಿಕ್ ಮಾದರಿ ಕಾರುಗಳನ್ನು ಬಿಚ್ಚಿ, ಬಣ್ಣ ಕಿತ್ತು, ಹೊಸ ಬಣ್ಣ ಹೊಡೆದು ಕೊಡುತ್ತಿದ್ದ. ಬಾಗಿಲು ಮುಚ್ಚಿತ್ತು, ಫ್ಯಾನ್ ನಿಂತಿತ್ತು, ಮುಖ ಬೋಗುಣಿಯ ಪಕ್ಕದಲ್ಲಿತ್ತು. ಥಿನ್ನರಿನ ಆವಿಗೆ ಉಸಿರುಗಟ್ಟಿ ಸತ್ತನೆಂದು ಪೊಲೀಸರು ಬರೆದು ಕೈ ತೊಳೆದುಕೊಂಡರು. ಅದೇ ಇಲಾಖೆಯಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿ ನಿವೃತ್ತಳಾಗಿ, ಈಗ ಸಂತೆಕಟ್ಟೆಯಲ್ಲಿ ಬೇಕರಿಯ ಮೇಲಿನ ಕೋಣೆಗೆ ಖಾಸಗಿ ಪತ್ತೇದಾರಳೆಂದು ಬೋರ್ಡು ಹಾಕಿಕೊಂಡ ಕುಶಲಾಗೆ ಆ ಕೈ ತೊಳೆಯುವ ವಿದ್ಯೆ ಚೆನ್ನಾಗಿ ಗೊತ್ತಿತ್ತು.

ಸಾಯುವ ಹಿಂದಿನ ದಿನ ಕರುಣಾಕರ ಎರ್ಮಾಳಿನ ವಾರಿಜಾಗೆ ಫೋನ್ ಮಾಡಿದ್ದ. “ನಿಮ್ಮ ಮಗನ ಸೈಕಲ್ಲಿಗೆ ಹತ್ತಿದ ಹಸಿರು ಬಣ್ಣ ನನ್ನ ಮನೆಯಲ್ಲುಂಟು, ನಾಳೆ ಬನ್ನಿ,” ಎಂದಿದ್ದ. ಅವಳು ಬಂದಾಗ ಅಂಗಳದಲ್ಲಿ ಹೆಣವಿತ್ತು.

ಮೀನು ಮಾರುವ ವಾರಿಜಾಳ ಕಿರಿಯ ಮಗ ಜಿತೇಶನನ್ನು ಎರಡು ವರ್ಷದ ಹಿಂದೆ ಕಾಪುವಿನ ಹೆದ್ದಾರಿಯಲ್ಲಿ ಯಾವುದೋ ಕಾರು ಹೊಡೆದಿತ್ತು. ಹೊಡೆದವನು ನಿಲ್ಲಿಸಿದ್ದ. ಇಳಿದು ಬಂದು, ಹುಡುಗನನ್ನು ರಸ್ತೆ ಬದಿಯ ನೀರಿನ ತೋಡಿಗೆ ಎಳೆದು ಹಾಕಿ, ಸೈಕಲ್ಲನ್ನು ಮೇಲೆ ಮುಚ್ಚಿ, ಮತ್ತೆ ಕಾರು ಹತ್ತಿ ಹೋಗಿದ್ದ. ಹುಡುಗ ತೋಡಿನೊಳಗೆ ಬೆಳಗಿನವರೆಗೂ ಜೀವ ಹಿಡಿದುಕೊಂಡಿದ್ದ. ವಾರಿಜಾ ಆ ಸೈಕಲ್ಲನ್ನು ಇಂದಿಗೂ ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡಿದ್ದಾಳೆ. ಬೆಲ್ಲಿನ ಮುಚ್ಚಳ ಒಂದು ಸಿಕ್ಕಿರಲಿಲ್ಲ. ಹ್ಯಾಂಡಲ್ಲಿಗೆ ಹತ್ತಿದ ಹಸಿರು ಕಲೆಯ ಫೋಟೋವನ್ನು, ಅವಳ ಪರವಾಗಿ ಹುಡುಕಾಟಕ್ಕಿಳಿದ ಕುಶಲಾ ಊರಿಡೀ ಹಂಚಿದ್ದಳು. ಅದನ್ನು ನೋಡಿಯೇ ಕರುಣಾಕರ ಫೋನ್ ಮಾಡಿದ್ದು.

“ಅಪ್ಪ ಬಣ್ಣ ತೆಗೆಯುವುದು ಹೇಗೆ? ಮೊದಲಿಂದ ಹೇಳು.”

“ಬ್ರೇಕ್ ಆಯಿಲ್. ಬೈಕಿಗೆ ಹಾಕುವುದೇ. ಅದರಲ್ಲಿ ಮುಳುಗಿಸಿ ಇಟ್ರೆ ಬಣ್ಣ ಸುಕ್ಕಾಗಿ ಎದ್ದು ಬರ್ತದೆ. ಮತ್ತೆ ಹಳೆ ಟೂತ್ ಬ್ರಷ್ಷಿನಲ್ಲಿ ಉಜ್ಜಿ ಸೋಪಿನ ನೀರಲ್ಲಿ ತೊಳೆಯುವುದು. ಪ್ಲಾಸ್ಟಿಕ್ಕಿಗೆ ಎಂತ ಸಹ ಆಗುವುದಿಲ್ಲ.”

“ಥಿನ್ನರ್ ಹಾಕಿದ್ರೆ?”

“ಹೀಗಾಗ್ತದೆ.” ನಿಖಿತಾ ಬೋಗುಣಿಯತ್ತ ಕೈ ತೋರಿಸಿದಳು. “ಥಿನ್ನರ್ ಹಾಕುವುದು ತಗಡಿಗೆ. ಗ್ಯಾರೇಜಿನಲ್ಲಿ, ದೊಡ್ಡ ಕಾರಿಗೆ. ಅದರಲ್ಲಿ ಗಾಜು ಸಹ ಸೇರಿಕೊಂಡು ಕರಗಿದೆ ನೋಡಿ. ಅಪ್ಪ ಮೊದಲು ಎಲ್ಲ ಬಿಚ್ಚುತ್ತಿದ್ರು. ಗಾಜು, ಬಂಪರು, ಲೈಟು, ಎಲ್ಲ ಬೇರೆ ಬೇರೆ. ಬಿಚ್ಚದೆ ಬಣ್ಣ ಮುಟ್ಟುತ್ತಿರ್ಲಿಲ್ಲ.”

“ಗಮ್ ಹಾಕಿ ಅಂಟಿಸಿದ್ದನ್ನು ಬಿಚ್ಚುವುದು ಹೇಗೆ ಮಾರಾಯ್ತಿ?”

“ಫ್ರೀಜರಿನಲ್ಲಿ ಇಡುವುದು. ಚಳಿಗೆ ಹಳೆ ಗಮ್ ಹಪ್ಪಳದ ಹಾಗೆ ಆಗ್ತದೆ. ಸಂದಿಗೆ ಬ್ಲೇಡು ಹಾಕಿ ಸ್ವಲ್ಪ ತಿರುಗಿಸಿದ್ರೆ ಟಕ್ಕಂತ ಬಿಡ್ತದೆ. ಬಂಗುಡೆ ಮೀನಿನ ಪಕ್ಕದಲ್ಲಿ ಕಾರು ಇಡ್ತಾರೆ ಅಂತ ನಾನು ಯಾವಾಗಲೂ ಬೈಯುತ್ತಿದ್ದೆ.” ಇಷ್ಟು ಹೇಳಿ ಅವಳು ಮುಖ ಮುಚ್ಚಿಕೊಂಡಳು.

“ಅಳುವುದಕ್ಕೆ ಇಡೀ ಜನ್ಮ ಉಂಟು,” ಎಂದಳು ಕುಶಲಾ. “ಈಗ ನಾನು ಕೇಳಿದ್ದಕ್ಕೆ ಹೇಳು. ಸುಡುವ ಮೊದಲು ಮೀಯಿಸುವಾಗ ಅಪ್ಪನ ಮುಖ ಹೇಗಿತ್ತು?”

ಹುಡುಗಿ ತನ್ನ ಕೈಯನ್ನೇ ಮೂಗು ಬಾಯಿಗಳ ಮೇಲೆ ಅಡ್ಡ ಇಟ್ಟು ತೋರಿಸಿದಳು. “ಇಲ್ಲಿಂದ ಇಲ್ಲಿಯವರೆಗೆ ಚರ್ಮ ಕೆಂಪಾಗಿ ಸುಲಿದಿತ್ತು. ಮಧ್ಯದಲ್ಲಿ ಗೆರೆ ಗೆರೆ. ಬಟ್ಟೆ ಮಡಚಿ ಒತ್ತಿದ ಹಾಗೆ.”

“ಒತ್ತಿಯೇ ಹಿಡಿದದ್ದು. ಥಿನ್ನರಿನಲ್ಲಿ ಅದ್ದಿದ ಬಟ್ಟೆ. ನಿನ್ನ ಅಪ್ಪ ಒದ್ದಾಡಿ ಸೋಲುವ ತನಕ ಬಿಡ್ಲಿಲ್ಲ.”

ಇಷ್ಟು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಕುಶಲಾಳ ನಾಲಿಗೆಯೇ ಅಂಥದ್ದು. ಸತ್ಯವನ್ನು ಬೆಲ್ಲ ಹಚ್ಚಿ ಕೊಡುವುದು ಅವಳಿಗೆ ಬಾರದು, ಬಂದರೂ ಕೊಡುವವಳಲ್ಲ. ನಿಖಿತಾ ಗೋಡೆಗೆ ಒರಗಿ ಅಳತೊಡಗಿದಳು. ಅವಳನ್ನು ಹಾಗೇ ಬಿಟ್ಟು ಕುಶಲಾ ಮನೆಯ ಸುತ್ತ ನೋಡಲು ಹೋದಳು.

ಅಡುಗೆಮನೆಯ ಹಿಂದೆ ಒಂದು ಜಗಲಿ. ಅದಕ್ಕೆ ಸುತ್ತಲೂ ಕಬ್ಬಿಣದ ಸರಳು, ಹೊರಗಿನ ಗೇಟಿಗೆ ತುಕ್ಕು ಹಿಡಿದ ಬೀಗ. ಅಡುಗೆಮನೆಯ ಬಾಗಿಲೊಂದೇ ಅಲ್ಲಿಗೆ ದಾರಿ. ಅಂದರೆ ಕೊಂದವನು ಎದುರು ಬಾಗಿಲಿನಿಂದಲೇ ಬಂದಿದ್ದಾನೆ, ಕರುಣಾಕರನೇ ಬಾಗಿಲು ತೆಗೆದಿದ್ದಾನೆ. ಜಗಲಿಯ ಮೂಲೆಯಲ್ಲಿ ಹಳೆಯ ಫ್ರಿಜ್ಜೊಂದು ಗುಂಯ್‌ಗುಡುತ್ತಿತ್ತು.

“ಅದು ಮೀನಿಗೆ ಅಂತಲೇ ಇಟ್ಟದ್ದು,” ಎಂದಳು ಹಿಂದೆ ಬಂದು ನಿಂತ ನಿಖಿತಾ. ಮುಖ ತೊಳೆದುಕೊಂಡಿದ್ದಳು. “ನಿನ್ನೆ ಬೊಜ್ಜ ಮುಗಿಯುವ ತನಕ ಮನೆಯಲ್ಲಿ ಮೀನು ಮುಟ್ಲಿಕ್ಕಿಲ್ಲ ಅಲ್ವಾ. ಅದರ ಬಾಗಿಲು ಯಾರೂ ತೆಗೆದಿಲ್ಲ.”

ಹದಿಮೂರನೆಯ ದಿನದ ಬೊಜ್ಜದ ಊಟ ಮುಗಿಸಿ ನೆಂಟರೆಲ್ಲ ಹೊರಟುಹೋಗಿದ್ದರು. ತಾಯಿ ಮೊದಲೇ ಇಲ್ಲ. ಮಣಿಪಾಲದ ಲ್ಯಾಬೊಂದರಲ್ಲಿ ಕೆಲಸ ಮಾಡುವ ಈ ಹುಡುಗಿ ಇನ್ನು ಇಷ್ಟು ದೊಡ್ಡ ಮನೆಯಲ್ಲಿ ಒಬ್ಬಳೇ.

“ಆ ಹಸಿರು ಕಾರು ಯಾರದ್ದು ಅಂತ ಅಪ್ಪ ಹೇಳಿದ್ರಾ?”

“ಕಾರ್ಕಳದ ಸುಕೇಶ್ ಅಂತ. ಕಲ್ಲಿನ ವ್ಯಾಪಾರ. ಅವರ ಹತ್ತಿರ ಹಳೆ ಬೆಂಝ್ ಉಂಟಲ್ಲಾ, ಅದರದ್ದೇ ಮಾದರಿ. ಮೊದಲು ಅದಕ್ಕೆ ಹಸಿರು ಹೊಡೆದದ್ದು ಸಹ ಅಪ್ಪನೇ. ದೊಡ್ಡ ಕಾರಿಗೆ ಹೊಡೆದು ಉಳಿದ ಬಣ್ಣ ಗಿರಾಕಿಗಳು ತಂದು ಕೊಡ್ತಾರೆ, ಸಣ್ಣದಕ್ಕೂ ಅದೇ. ಈಗ ಬಿಳಿ ಮಾಡಿ ಕೊಡಿ ಅಂತ ತಂದಿದ್ರಂತೆ.”

ಕುಶಲಾ ದಡಬಡನೆ ಬೋಗುಣಿಯಿದ್ದ ಕೋಣೆಗೆ ಮರಳಿದಳು. ಸಣ್ಣ ಕಾರಿನ ಮೈಮೇಲಿದ್ದದ್ದು ದೊಡ್ಡ ಕಾರಿನದೇ ಬಣ್ಣ. ಅದರ ಒಂದು ಚೂರು ಸಿಕ್ಕಿದರೂ ಸೈಕಲ್ಲಿನ ಕಲೆಯ ಪಕ್ಕದಲ್ಲಿಟ್ಟು ನೋಡಬಹುದಿತ್ತು. ಈಗ ಉಳಿದದ್ದು ಈ ಗಡ್ಡೆ. ಬಣ್ಣ, ಪ್ಲಾಸ್ಟಿಕ್ಕು, ಗಾಜು ಎಲ್ಲ ಕಲಸಿಹೋದ ಇದರಿಂದ ಯಾವ ಲ್ಯಾಬಿನವರೂ ಏನೂ ಹೇಳಲಾರರು. ಆದರೂ ಅವಳು ಚಾಕು ಹಾಕಿ ಗಡ್ಡೆಯನ್ನು ಎಬ್ಬಿಸಿ ಚೀಲಕ್ಕೆ ಹಾಕಿಕೊಂಡಳು.

ಒಂದು ಮಾತು ಮಾತ್ರ ಖಚಿತವಾಗಿತ್ತು. ಕೊಂದವನ ಕೈ ತಗಡಿಗೆ ಪಳಗಿದ ಕೈ. ಬಣ್ಣ ತೆಗೆಯುವುದೆಂದರೆ ಥಿನ್ನರ್ ಎಂದೇ ಅವನ ಲೆಕ್ಕ, ಹಾಗಾಗಿ ಸಾವನ್ನು ಸಿಂಗರಿಸಿ ಇಡುವಾಗಲೂ ಥಿನ್ನರನ್ನೇ ಸುರಿದಿದ್ದ.

ಸ್ಕೂಟರ್ ಹತ್ತುವಷ್ಟರಲ್ಲಿ ಫೋನ್ ಬಂತು. ವಾರಿಜಾ.

“ಕುಶಲಕ್ಕ, ಆ ಹುಡುಗಿಗೆ ಬೊಜ್ಜ ಮುಗಿಯಿತಲ್ಲಾ. ಇಷ್ಟು ದಿನ ಬಾಯಿಗೆ ಮೀನು ಇಲ್ಲ ಪಾಪ. ಒಳ್ಳೆ ಅಂಜಲ್ ಬಂದಿದೆ, ತಗೊಂಡು ಹೋಗ್ತೇನೆ. ನನ್ನ ಕಾರಣದಿಂದಲೇ ಅಲ್ವಾ ಅಪ್ಪನನ್ನು ಕಳಕೊಂಡದ್ದು?”

“ಹೋಗಿ, ಒಳ್ಳೆಯದೇ. ಒಬ್ಬಳೇ ಇದ್ದಾಳೆ. ಬಸ್ಸಿನಲ್ಲಾ?”

“ಯೋಗಿ ಬೈಕಿನಲ್ಲಿ ಕರ್ಕೊಂಡು ಹೋಗ್ತಾನೆ. ಗ್ಯಾರೇಜಿನ ಕೆಲಸ ಬಿಟ್ಟ ಅಲ್ವಾ, ಮುಂದಿನ ವಾರ ದೋಹಾಕ್ಕೆ ಹೋಗುವುದು. ಪೆಟ್ಟಿಗೆ ಎಲ್ಲ ನಾನೇ ತುಂಬಿಸಿ ಇಟ್ಟಿದ್ದೇನೆ.” ಹಿರಿಮಗ ಯೋಗೀಶನ ಹೆಸರು ಹೇಳುವಾಗ ಮಾತ್ರ ಅವಳ ದನಿಗೆ ಸ್ವಲ್ಪ ಜೀವ ಬರುತ್ತಿತ್ತು. “ಕುಶಲಕ್ಕ, ಆ ಕಾರಿನವನು ಸಿಕ್ಕಿದ್ರೆ ಒಂದು ಕೇಳ್ತೀರಾ? ನನ್ನ ಜಿತು ಕರೀತಿದ್ನಾ ಅಂತ. ಕಡೆಗೆ ಎಂತ ಹೇಳಿದ ಅಂತ.”

ಪ್ರತಿ ಸಲವೂ ಅವಳ ಪ್ರಶ್ನೆ ಅದೊಂದೇ. ಕುಶಲಾ ಹೂಂ ಎಂದು ಫೋನ್ ಇಟ್ಟಳು.

ಕಾರ್ಕಳದಲ್ಲಿ ಸುಕೇಶನ ಮನೆ ಆನೆಕೆರೆಯ ಆಚೆ ಬದಿಯಲ್ಲಿತ್ತು. ಪೋರ್ಟಿಕೋದಲ್ಲಿ ಬಿಳಿ ಬೆಂಝ್ ಮಿಂದು ಮಡಿಯುಟ್ಟು ನಿಂತಿತ್ತು. ಸುಕೇಶ ಬಾಗಿಲಲ್ಲೇ ಕೈ ಚಾಚಿದ.

“ಫೋನ್ ಆಫ್ ಮಾಡಿ ಈ ಮೇಜಿನ ಮೇಲೆ ಇಡಿ ಮೇಡಂ. ಮತ್ತೆ ಮಾತಾಡುವ. ಕಾಲ ಒಳ್ಳೆಯದಲ್ಲ ಅಲ್ವಾ?”

ನಲವತ್ತೈದರ ಗಂಡಸು, ಇಸ್ತ್ರಿ ಹಾಕಿದ ಬಿಳಿ ಅಂಗಿ, ಮಾತಿನಲ್ಲಿ ಮರ್ಯಾದೆ. ಕುಶಲಾ ಫೋನ್ ಇಟ್ಟಳು. ಗೋಡೆಯುದ್ದದ ಗಾಜಿನ ಕಪಾಟಿನಲ್ಲಿ ಮಾದರಿ ಕಾರುಗಳು ಸಾಲಾ‌ಗಿ ನಿಂತಿದ್ದವು. ನಡುವಿನ ಮರದ ಪೀಠ ಒಂದೇ ಖಾಲಿ. ಚಕ್ರಗಳು ಕೂರಲು ಅದರಲ್ಲಿ ನಾಲ್ಕು ಗುಳಿ ಕೊರೆದಿದ್ದರು.

ಅವಳು ಚೀಲದಿಂದ ಗಡ್ಡೆಯನ್ನು ತೆಗೆದು ಮೇಜಿನ ಮೇಲಿಟ್ಟಳು.

“ನಿಮ್ಮ ಕಾರು.”

“ಛೆ. ಎಷ್ಟು ಚಂದ ಇತ್ತು,” ಎಂದ ಸುಕೇಶ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅಲ್ಲ ಈತ. ಕುಂಬಳಕಾಯಿಯನ್ನೇ ಎದುರಿಟ್ಟುಕೊಂಡು ಪಲ್ಯ ಮಾಡಲಾ, ಹುಳಿ ಮಾಡಲಾ ಎಂದು ಕೇಳುವವನು.

“ಹಸಿರಿತ್ತು.”

“ಇತ್ತು. ಈಗ ಎಂತದೂ ಇಲ್ಲ. ಆ ಹೆಂಗಸು ಸೈಕಲ್ ಇಟ್ಟುಕೊಂಡು ಕೂತಿದ್ದಾಳಂತೆ ಅಲ್ವಾ? ಜೋಡಿ ಬಣ್ಣ ಎಲ್ಲಿಂದ ತರ್ತೀರಿ? ಬೇಕಾದ್ರೆ ನನ್ನ ಕಾರು ಕೆರೆದು ನೋಡಿ. ತಗಡು ಕಾಣುವ ತನಕ ಉಜ್ಜಿಸಿ ಬಿಳಿ ಹೊಡೆಸಿದ್ದೇನೆ.”

“ಈ ಆಟಿಕೆಯನ್ನು ಆಗಲೇ ಒಡೆದು ಬಿಸಾಡಿದ್ರೆ ಮುಗೀತಿತ್ತು. ಎರಡು ವರ್ಷ ಯಾಕೆ ಇಟ್ಟುಕೊಂಡ್ರಿ?”

“ಕಾರು ಸಾಕಿದವನಿಗೆ ಗೊತ್ತು ಮೇಡಂ. ಪೆಟ್ಟಿಗೆಯಲ್ಲಿ ಹಾಕಿ ಇಟ್ಟಿದ್ದೆ. ಎರಡು ಸಲ ಒಡೀಲಿಕ್ಕೆ ಹೋದೆ. ಮನಸ್ಸೇ ಬರ್ಲಿಲ್ಲ. ಬಣ್ಣ ಬದಲಾಯಿಸಿದ್ರೆ ಸಾಕು ಅಂತ ಕಂಡಿತು.”

ಇದನ್ನು ಅವನು ನಿಜವಾದ ಸಂಕಟದಿಂದಲೇ ಹೇಳಿದ. ಪ್ಲಾಸ್ಟಿಕ್ ಕಾರು ಒಡೆಯಲು ಕೈ ಬಾರದವನು ಜೀವವಿದ್ದ ಹುಡುಗನನ್ನು ತೋಡಿಗೆ ಎಳೆದು ಹಾಕಿ ಹೋಗಿದ್ದ. ಕುಶಲಾಗೆ ಅವನ ಕುತ್ತಿಗೆಗೆ ಕೈ ಹಾಕಬೇಕೆನಿಸಿತು. ಅಷ್ಟು ವರ್ಷದ ಪೊಲೀಸ್ ಕೆಲಸದಲ್ಲಿಯೂ ಹೀಗೆ ಅನಿಸಿದ್ದು ಕಡಿಮೆ.

“ಬೆಂಝಿನ ಬಣ್ಣ ಉಜ್ಜಿದವನು ಒಬ್ಬ ಇರ್ಬೇಕಲ್ಲ,” ಎಂದಳು. “ಕರುಣಾಕರನ ಮನೆಗೆ ಹೋದವನೂ ಅವನೇ. ಥಿನ್ನರಿನ ಅಭ್ಯಾಸ ಬಿಟ್ಟಿಲ್ಲ. ಅವನನ್ನು ಹುಡುಕ್ತೇನೆ.”

ಸುಕೇಶ ಕುರ್ಚಿಗೆ ಒರಗಿ ನಕ್ಕ. ಬಹಳ ದಿನದಿಂದ ಯಾರಿಗಾದರೂ ಹೇಳಬೇಕೆಂದು ಕಾದಿಟ್ಟ ಮಾತು ಅವನ ಬಳಿ ಇದ್ದಂತಿತ್ತು.

“ಹುಡುಕುವುದು ಯಾಕೆ? ನಾನೇ ಒಂದು ಕತೆ ಹೇಳ್ತೇನೆ. ಕತೆ ಮಾತ್ರ, ಆಯ್ತಾ? ಹೊರಗೆ ಹೋಗಿ ಹೇಳಿದ್ರೆ ನಾನು ಹೇಳ್ಲೇ ಇಲ್ಲ.”

“ಹೇಳಿ.”

“ಒಬ್ಬ ಪೇಂಟರ್ ಇದ್ದ. ಒಳ್ಳೆ ಕೈ. ಒಂದು ಹಸಿರು ಕಾರು ಅವನ ಹತ್ತಿರ ಬಂತು. ದನಕ್ಕೆ ಗುದ್ದಿದ್ದು ಅಂತ ಹೇಳಿದ್ರು, ಅವನೂ ನಂಬಿದ. ಬಂಪರ್ ಬಿಚ್ಚುವಾಗ ಒಳಗೆ ಒಂದು ಬೆಲ್ಲಿನ ಮುಚ್ಚಳ ಸಿಕ್ಕಿತು. ಸೈಕಲ್ಲಿನದ್ದು. ಅದರ ಮೇಲೆ ಕೆಂಪು ಬಣ್ಣದಲ್ಲಿ ಸಣ್ಣ ಮೀನಿನ ಚಿತ್ರ. ಆ ಚಿತ್ರ ಬಿಡಿಸಿ ತಮ್ಮನಿಗೆ ಕೊಟ್ಟದ್ದು ಅವನೇ.”

“ತಮ್ಮನಿಗೆ?” ಎಂದಳು ಕುಶಲಾ.

“ಅಂಗಳದಲ್ಲೇ ಕೂತು ಅತ್ತ,” ಸುಕೇಶ ಮುಂದುವರಿಸಿದ. “ಪಾಪ, ಅಳ್ಲಿ ಅಂತ ಬಿಟ್ಟೆ. ಮತ್ತೆ ಒಂದೇ ಮಾತು ಕೇಳಿದೆ. ತಮ್ಮ ಹೇಗೂ ಹೋದ, ನೀನು ಬದುಕಬೇಕಾ ಬೇಡವಾ? ಗಲ್ಫಿನಲ್ಲಿ ನನ್ನವರು ಇದ್ದಾರೆ, ಸಮಯ ನೋಡಿ ನಿನ್ನನ್ನು ಕಳಿಸ್ತೇನೆ. ಅವನು ಮುಖ ಒರೆಸಿಕೊಂಡ. ಸ್ಯಾಂಡ್ ಪೇಪರ್ ಕೈಗೆ ತಗೊಂಡ. ಅಷ್ಟು ನೀಟಾಗಿ ಯಾರೂ ಉಜ್ಜಿದ್ದನ್ನು ನಾನು ಕಂಡಿಲ್ಲ.”

“ಯೋಗೀಶ್.” ಹೆಸರು ಅವಳ ಬಾಯಿಂದ ತಾನಾಗಿ ಬಂತು. ಗ್ಯಾರೇಜಿನ ಕೆಲಸ ಎಂದಾಗಲೆಲ್ಲ ಅವಳು ಇಂಜಿನ್ ಬಿಚ್ಚುವವನೆಂದೇ ಎಣಿಸಿದ್ದಳು. ಎಂಥ ಕೆಲಸ ಎಂದು ಒಂದು ಸಲವೂ ಕೇಳಿರಲಿಲ್ಲ.

“ನಾನು ಹೆಸರು ಹೇಳ್ಲಿಲ್ಲ, ನೀವೇ ಹೇಳಿದ್ದು. ಈಗ ಹೋಗಿ ಆ ತಾಯಿಗೂ ಹೇಳಿ ಬನ್ನಿ. ಒಬ್ಬ ಮಗ ಕಾರಿನಡಿಗೆ ಹೋದ. ಇನ್ನೊಬ್ಬನನ್ನು ನೀವು ಜೈಲಿಗೆ ಕಳಿಸಿ, ನಾನು ದೋಹಾಕ್ಕೆ ಕಳಿಸ್ತೇನೆ. ನಮ್ಮಿಬ್ಬರಲ್ಲಿ ಯಾರು ಒಳ್ಳೆಯವರು ಅಂತ ಅವಳೇ ಹೇಳ್ಲಿ.”

“ಇನ್ನೊಂದು ಕೇಳ್ಲಿಕ್ಕುಂಟು,” ಎಂದಳು ಕುಶಲಾ. “ಕತೆಯಲ್ಲೇ ಹೇಳಿ. ತೋಡಿಗೆ ಎಳೆಯುವಾಗ ಹುಡುಗ ಎಂತಾದ್ರೂ ಹೇಳಿದ್ನಾ?”

ಸುಕೇಶ ನೆನಪು ಮಾಡಿಕೊಳ್ಳುವವನ ಹಾಗೆ ಛಾವಣಿ ನೋಡಿದ.

“ಅಮ್ಮ ಅಂತಿದ್ದ. ಮತ್ತೆ ನನ್ನನ್ನು ಅಣ್ಣಾ ಅಂದ. ಅಣ್ಣಾ, ಮೆಲ್ಲ ಎಳೀರಿ, ನೋಯ್ತದೆ ಅಂದ.”

ಕುಶಲಾ ಗಡ್ಡೆಯನ್ನು ಕೈಗೆತ್ತಿಕೊಂಡು ಎದ್ದಳು. ಇನ್ನು ಇಲ್ಲಿ ನಿಂತರೆ ತನ್ನಿಂದ ಏನಾದರೂ ಆಗಿಹೋಗುತ್ತದೆ ಎಂದು ಹೊರಟವಳು ಗಾಜಿನ ಕಪಾಟಿನೆದುರು ನಿಂತುಬಿಟ್ಟಳು. ಅವಳ ಕಣ್ಣು ಖಾಲಿ ಪೀಠದ ಗುಳಿಗಳ ಮೇಲಿತ್ತು. ಬೆರಳಿಗೆ ಗಡ್ಡೆಯಿಂದ ಹೊರಚಾಚಿದ, ಎರಡು ಚಕ್ರ ಜೋಡಿಸುವ ಕಬ್ಬಿಣದ ಕಡ್ಡಿ ಚುಚ್ಚುತ್ತಿತ್ತು.

ಕಪಾಟಿನ ಬಾಗಿಲು ಸರಿಸಿ, ಕಡ್ಡಿಯನ್ನು ಗಡ್ಡೆಯಿಂದ ಕಿತ್ತು ಪೀಠದ ಮೇಲೆ ಅಡ್ಡ ಇಟ್ಟಳು. ಒಂದು ತುದಿ ಎಡಗಡೆಯ ಗುಳಿಗೆ ಕೂತಿತು. ಇನ್ನೊಂದು ತುದಿ ಬಲಗಡೆಯ ಗುಳಿಯ ಅರ್ಧ ದಾರಿಗೂ ಮುಟ್ಟಲಿಲ್ಲ.

ಇದು ಬೆಂಝ್ ಅಲ್ಲ. ಇದರ ಎರಡರಷ್ಟು ದೊಡ್ಡ ಕಾರು ಇಲ್ಲಿ ನಿಲ್ಲುತ್ತಿತ್ತು. ಮೇಜಿನ ಮೇಲೆ ಕಂಡ ಯಾವುದೋ ಹಸಿರು ಕಾರನ್ನು ಯೋಗೀಶ ಥಿನ್ನರಿಗೆ ಹಾಕಿದ್ದ. ತಗಡಿನ ಮನುಷ್ಯನ ಕಣ್ಣಿಗೆ ಆಟಿಕೆಗಳೆಲ್ಲ ಒಂದೇ.

ಇಷ್ಟಕ್ಕೆ ಬಾಯಿ ಮುಚ್ಚಿಕೊಂಡು ಹೊರಟಿದ್ದರೆ ಎಲ್ಲವೂ ಸರಿಹೋಗುತ್ತಿತ್ತು. ಆದರೆ ಆ ನಗು ಅವಳ ಕಣ್ಣೆದುರಿಗಿತ್ತು. ಅದನ್ನು ಈಗಲೇ ಇಲ್ಲೇ ಒರೆಸಬೇಕು ಎಂಬ ಚಪಲ ತಡೆಯಲಾಗಲಿಲ್ಲ.

“ಪ್ಲಾಸ್ಟಿಕ್ ಕರಗ್ತದೆ ಸುಕೇಶರೇ, ಕಬ್ಬಿಣ ಗಿಡ್ಡ ಆಗುವುದಿಲ್ಲ,” ಎಂದಳು. “ಇದು ಬೇರೆ ಯಾರದೋ ಕಾರು. ನಿಮ್ಮದು ಹಸಿರಾಗಿಯೇ ಆ ಮನೆಯಲ್ಲಿ ಎಲ್ಲೋ ಕೂತಿದೆ.”

ನಗು ಹೋಯಿತು. ಮುಖ ಬಿಳಿಚಿತು. ಕುಶಲಾ ಅದನ್ನು ಕಣ್ತುಂಬ ನೋಡಿದಳು. ಹಾಗೆ ನೋಡುತ್ತ ನಿಂತದ್ದರಿಂದಲೇ ಅವನ ಹೆಬ್ಬೆರಳು ಫೋನಿನ ಮೇಲೆ ಓಡುತ್ತಿದ್ದದ್ದು ತಡವಾಗಿ ಕಣ್ಣಿಗೆ ಬಿತ್ತು. ಅವನು ಯಾರಿಗೋ ಎರಡು ಸಾಲು ಬರೆದು ಕಳಿಸಿ ಫೋನನ್ನು ಜೇಬಿಗೆ ಹಾಕಿಕೊಂಡ.

“ನೀವಿನ್ನು ಹೊರಡಿ ಮೇಡಂ,” ಎಂದ.

ಅವಳು ತನ್ನ ಫೋನ್ ಕಸಿದುಕೊಂಡು ಅಂಗಳಕ್ಕೆ ಓಡಿದಳು. ಹಾಳಾದ ಫೋನ್ ಹೊತ್ತಿಕೊಳ್ಳಲು ಯುಗ ತೆಗೆದುಕೊಂಡಿತು. ನಿಖಿತಾ ಎರಡನೆಯ ರಿಂಗಿಗೇ ಎತ್ತಿದಳು. ದನಿಯಲ್ಲಿ ಎಷ್ಟೋ ದಿನದ ಮೇಲೆ ಸಣ್ಣ ಗೆಲುವು.

“ಆಂಟಿ, ವಾರಿಜಕ್ಕ ಬಂದಿದ್ದಾರೆ. ಒಬ್ಬಳಿಗೆ ಇಷ್ಟು ಮೀನು ಯಾಕೆ ಅಂದ್ರೆ ಕೇಳುವುದೇ ಇಲ್ಲ. ಯೋಗೀಶಣ್ಣ ಹಿಂದಿನ ಫ್ರಿಜ್ಜಿನಲ್ಲಿ ಇಡ್ತೇನೆ ಅಂತ ಹೋಗಿದ್ದಾರೆ.”

ಹಿಂದಿನ ಫ್ರಿಜ್ಜು. ಬೊಜ್ಜ ಮುಗಿಯುವ ತನಕ ಯಾರೂ ಮುಟ್ಟದ ಮೀನಿನ ಫ್ರಿಜ್ಜು. ಬಿಚ್ಚದೆ ಬಣ್ಣ ಮುಟ್ಟದ ಕರುಣಾಕರ, ಬಂಗುಡೆಯ ಪಕ್ಕದಲ್ಲಿ ಕಾರು. ಬೆಳಿಗ್ಗೆ ಅದರ ಎದುರೇ ನಿಂತು, ಅದರ ಸದ್ದು ಕೇಳಿಯೂ, ಬಾಗಿಲು ತೆಗೆಯದೆ ಬಂದಿದ್ದಳು.

“ನಿಖಿತಾ, ನನ್ನ ಮಾತು ಕೇಳು. ಈಗಲೇ ಎದುರು ಬಾಗಿಲಿಂದ ರಸ್ತೆಗೆ ಬಾ.”

“ಎಂತ ಆಂಟಿ? ಸರಿ ಕೇಳುವುದಿಲ್ಲ.”

ಹಿಂದಿನಿಂದ ಗಂಡುದನಿಯೊಂದು ಕರೆಯಿತು. ಮೆತ್ತಗಿನ, ತಾಳ್ಮೆಯ ದನಿ. “ತಂಗೀ, ಇಲ್ಲಿ ಡಬ್ಬಿಯೊಳಗೆ ಒಂದು ಕಾರು ಉಂಟಲ್ಲಾ. ಸ್ವಲ್ಪ ಬಾ ಇಲ್ಲಿ.”

“ಅಯ್ಯೋ, ಅಪ್ಪ ಇಟ್ಟದ್ದು!” ಎಂದಳು ನಿಖಿತಾ. “ಒಂದು ನಿಮಿಷ ಆಂಟಿ.” ಫೋನನ್ನು ಎಲ್ಲೋ ಇಟ್ಟ ಸದ್ದಾಯಿತು. ಹುಡುಗಿಯ ಹೆಜ್ಜೆ ಒಳಗೆ ಹೋಯಿತು.

ಕುಶಲಾ ಕಿರಿಚಿದ್ದು ಪೋರ್ಟಿಕೋದ ಬೆಂಝಿಗೆ ಮಾತ್ರ ಕೇಳಿಸಿತು. ಕಾರ್ಕಳದಿಂದ ಅಲೆವೂರಿಗೆ ಹಾರಿಹೋಗಲು ರೆಕ್ಕೆಯಿಲ್ಲ. ಪೊಲೀಸರಿಗೆ ಹೇಳಿ, ಅವರು ಜೀಪು ಹತ್ತಿ, ಅಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಆ ಮನೆಯೊಳಗೆ ಈಗ ಇನ್ನೊಂದೇ ಜೀವ ಇತ್ತು. ಅವಳು ವಾರಿಜಾಗೆ ಫೋನ್ ಹಚ್ಚಿದಳು.

“ವಾರಿಜಕ್ಕ, ಎಲ್ಲಿದ್ದೀರಿ?”

“ಚಾವಡಿಯಲ್ಲಿ ಕೂತಿದ್ದೇನೆ. ಯಾಕೆ?”

“ಕರುಣಾಕರ ಫೋನ್ ಮಾಡಿದ್ದನ್ನು ನೀವು ಯಾರಿಗೆ ಹೇಳಿದ್ರಿ?”

“ಯಾರಿಗೂ ಇಲ್ಲ ಕುಶಲಕ್ಕ. ದೇವರಾಣೆ. ಮನೆಯಲ್ಲಿ ಯೋಗಿಗೆ ಹೇಳಿದ್ದು ಬಿಟ್ರೆ. ಅವನು ಹೊರಗಿನವನಾ?”

ಮೆತ್ತಗೆ ಹೇಳುವುದಕ್ಕೆ ಹೊತ್ತಿರಲಿಲ್ಲ. ಹೊತ್ತಿದ್ದರೂ ಮೆತ್ತಗೆ ಹೇಳುವ ದಾರಿ ಇರಲಿಲ್ಲ.

“ಜಿತೇಶನನ್ನು ಹೊಡೆದ ಕಾರಿಗೆ ಬಿಳಿ ಬಣ್ಣ ಹೊಡೆದವನು ಯೋಗೀಶ್. ಗೊತ್ತಿದ್ದೇ ಹೊಡೆದದ್ದು. ಜಿತೇಶನ ಬೆಲ್ಲಿನ ಮುಚ್ಚಳ ಆ ಬಂಪರಿನಲ್ಲಿ ಅವನ ಕೈಗೇ ಸಿಕ್ಕಿತ್ತು. ಕರುಣಾಕರನನ್ನು ಕೊಂದವನೂ ಅವನೇ. ಈಗ ನಿಖಿತಾ ಹಿಂದಿನ ಜಗಲಿಯಲ್ಲಿ ಅವನ ಹತ್ತಿರ ಹೋಗಿದ್ದಾಳೆ. ಏಳಿ ವಾರಿಜಕ್ಕ! ಹೋಗಿ ಅವಳನ್ನು ಈಚೆಗೆ ಎಳೀರಿ!”



“ಮೀನಿನ ಚಿತ್ರದ್ದಾ?” ಎಂದಳು ವಾರಿಜಾ. “ಕೆಂಪು ಮೀನು?”

“ಹೌದು.”

“ಮೊನ್ನೆ ಪೆಟ್ಟಿಗೆ ತುಂಬಿಸುವಾಗ ನೋಡಿದೆ. ಅವನ ಅಂಗಿಯಲ್ಲಿ ಸುತ್ತಿಟ್ಟಿದ್ದ. ತಮ್ಮನ ನೆನಪಿಗೆ ಬೇರೊಂದು ಮಾಡಿ ಇಟ್ಟುಕೊಂಡಿದ್ದಾನೆ ಅಂತ ನಾನು ಅದಕ್ಕೆ ಮುತ್ತು ಕೊಟ್ಟು ಅಲ್ಲೇ ಇಟ್ಟೆ ಕುಶಲಕ್ಕ.”

“ಅಳಬೇಡಿ ಈಗ. ಏಳಿ.”

ಎದ್ದದ್ದು ಕೇಳಿಸಿತು. ಬರಿಗಾಲಿನ ಹೆಜ್ಜೆ ಚಾವಡಿ ದಾಟಿತು. ಅಡುಗೆಮನೆಯಲ್ಲಿ ಯಾವುದೋ ಪಾತ್ರೆ ಕಾಲಿಗೆ ತಾಗಿ ಉರುಳಿತು. ದೂರದಲ್ಲಿ ನಿಖಿತಾಳ ಮಾತು ಕೇಳುತ್ತಿತ್ತು. ಬ್ಲೇಡು ಹಾಕಿ ಹೇಗೆ ತಿರುಗಿಸಬೇಕೆಂದು ಅವಳು ಯಾರಿಗೋ ವಿವರಿಸುತ್ತಿದ್ದಳು. ಹೆಜ್ಜೆ ನಿಂತಿತು. ಕುಶಲಾ ಫೋನನ್ನು ಕಿವಿಗೆ ಒತ್ತಿಕೊಂಡಳು.

ಬಾಗಿಲು ಮುಚ್ಚಿತು. ಅಗುಳಿ ಬಿತ್ತು.

“ವಾರಿಜಕ್ಕಾ?” ಹುಡುಗಿಯ ದನಿ ಈಗ ಹಲಗೆಯ ಆಚೆಯಿಂದ ಬಂತು. “ಬಾಗಿಲು ಯಾಕೆ ಹಾಕಿದ್ರಿ?”

“ವಾರಿಜಕ್ಕ, ತೆಗೀರಿ! ಎಂತ ಮಾಡ್ತಿದ್ದೀರಿ? ಅವಳು ಒಳಗೆ ಇದ್ದಾಳೆ!”

“ನನಗಿನ್ನು ಇರುವುದು ಅವನೊಬ್ಬನೇ ಅಲ್ವಾ ಕುಶಲಕ್ಕ,” ಎಂದಳು ವಾರಿಜಾ.

ಅವಳ ಬೆನ್ನ ಹಿಂದೆ ನಿಖಿತಾ ಬಾಗಿಲು ಬಡಿಯತೊಡಗಿದಳು.